‘ಏನ್ ಫರಕ್ ಆಗ್ತದ?’

(ನಮ್ಮ ಸಂಘದ ತಿಂಗಳ ಸಭೆಯಲ್ಲಿ ‘ಇತ್ತೀಚೆಗೆ ನಾನು ಮೆಚ್ಚಿದ ಚಿತ್ರ, ಧಾರಾವಾಹಿ ಮತ್ತು ಅಂತರಜಾಲದ ದೃಶ್ಯಗಳು’ ಎಂಬ ವಿಷಯವಾಗಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ದೂರವಾಣಿಯಲ್ಲಿ ಈ ವಿಷಯವನ್ನು ಹೇಳಿದಾಗ ನನಗೆ ಸ್ವಲ್ಪ ಸಂಕೋಚವೇ ಆಯಿತು. ಮೂರು ದಶಕಗಳಿಂದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ಮೇಲೆ ಟಿಪ್ಪಣಿ ಬರೆಯುತ್ತ ಬಂದವನು ನಾನು. ಕಲಬುರಗಿಯಲ್ಲಿ ಸ್ನಾತಕೋತ್ತರ ಪದವಿ ಪಡೆದಾಗ ಓದಿದ ವಿಮರ್ಶೆಯ ಪಾಠಗಳು ಈಗ ಮಸುಕಾಗಿವೆ. ಚಲನಚಿತ್ರದ ವ್ಯಾಕರಣ ನನಗೆ ತಿಳಿಯದು. ಆದರೆ ಕಾರ್ಯದರ್ಶಿಗಳು ಕೇಳಿದ್ದು ‘ಶ್ರೇಷ್ಠವಾದದ್ದು ಯಾವುದು’ ಎಂದಲ್ಲ, ‘ಮೆಚ್ಚಿದ್ದು ಯಾವುದು’ ಎಂದು. ಶ್ರೇಷ್ಠತೆಯನ್ನು ಹೇಳಲು ಪಾಂಡಿತ್ಯ ಬೇಕು; ಮೆಚ್ಚಿದ್ದನ್ನು ಹೇಳಲು ಪ್ರಾಮಾಣಿಕತೆ ಇದ್ದರೆ ಸಾಕು. ಆ ಧೈರ್ಯದಿಂದ ನಿಮ್ಮ ಮುಂದೆ ನಿಂತಿದ್ದೇನೆ.

ಪಟ್ಟಿ ಮಾಡಲು ಕುಳಿತಾಗ ಒಂದು ಸಂಗತಿ ಹೊಳೆಯಿತು. ಈಚಿನ ವರ್ಷಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದವುಗಳೆಲ್ಲ ಕಣ್ಣಿಗಿಂತ ಹೆಚ್ಚಾಗಿ ಕಿವಿಯ ಮೂಲಕ ಒಳಗಿಳಿದಂಥವು. ಇದನ್ನು ನನಗೆ ತೋರಿಸಿಕೊಟ್ಟವಳು ನನ್ನ ಮಗಳು, ಅದೂ ತನಗೆ ಅರಿವಿಲ್ಲದೆ. ಆದ್ದರಿಂದ ಅವಳ ಒಂದು ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

2022ರ ಅಕ್ಟೋಬರ್ ತಿಂಗಳು. ‘ಕಾಂತಾರ’ ಚಿತ್ರ ಕನ್ನಡದಲ್ಲಿ ಸೆಪ್ಟೆಂಬರ್ 30ರಂದು ತೆರೆಕಂಡು, ಹದಿನೈದು ದಿನಗಳ ನಂತರ ತೆಲುಗಿಗೆ ಡಬ್ ಆಗಿ ನಮ್ಮ ನಗರಕ್ಕೆ ಬಂದಿತ್ತು. ನನ್ನ ಮಗಳು ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಇಲ್ಲಿಯೇ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದವಳು. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಓದಲು ತಡವರಿಸುತ್ತಾಳೆ. ಅವಳು ಗೆಳತಿಯರೊಡನೆ ಆ ಚಿತ್ರವನ್ನು ತೆಲುಗಿನಲ್ಲಿ ನೋಡಿ ಬಂದು ಬಹಳ ಹೊಗಳಿದಳು. ನಾವೂ ಹೊರಟೆವು. ಕನ್ನಡ ಮೂಲದ ಪ್ರದರ್ಶನ ನಮಗೆ ಅನುಕೂಲವಾದ ಹೊತ್ತಿಗೆ ಸಿಗಲಿಲ್ಲ. ನಾನು ಅನುಮಾನಿಸುತ್ತ ನಿಂತಾಗ ಅವಳು ಕೇಳಿದಳು: ‘ಅಪ್ಪಾ, ತೆಲುಗಿನ್ಯಾಗೇ ನೋಡೋಣ್ರಿ. ನಿಮಗ ತೆಲುಗು ಬರ್ತದಲ್ಲ, ಏನ್ ಫರಕ್ ಆಗ್ತದ?’

ನನ್ನಲ್ಲಿ ಉತ್ತರವಿರಲಿಲ್ಲ. ತೆಲುಗಿನಲ್ಲಿಯೇ ನೋಡಿದೆವು; ಚೆನ್ನಾಗಿಯೂ ಇತ್ತು. ಡಬ್ಬಿಂಗ್ ಮಾಡಿದವರ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಅದರಿಂದಾಗಿಯೇ ನಮ್ಮ ಪಕ್ಕದ ಮನೆಯ ತೆಲುಗು ದಂಪತಿಗಳು ಕರಾವಳಿಯ ದೈವಾರಾಧನೆಯ ಬಗ್ಗೆ ನನ್ನನ್ನು ಕೇಳಿದರು. ರಾಯಚೂರು ಕಡೆಯವನಾದ ನನಗೆ ಆ ವಿಷಯ ಅವರಿಗಿಂತ ಹೆಚ್ಚೇನೂ ತಿಳಿದಿರಲಿಲ್ಲ ಎಂಬುದು ಬೇರೆ ಮಾತು.

ಕೆಲವು ವಾರಗಳ ನಂತರ ಅದೇ ಚಿತ್ರವನ್ನು ಮನೆಯಲ್ಲಿ ಕನ್ನಡದಲ್ಲಿ ನೋಡಿದೆ. ಆಗ ಫರಕ್ ಕೇಳಿಸಿತು. ಊರಿನ ಜನ ಆಡುವುದು ಕುಂದಾಪುರ ಕಡೆಯ ಕನ್ನಡ. ಹೊರಗಿನಿಂದ ಬಂದ ಅರಣ್ಯಾಧಿಕಾರಿ ಆಡುವುದು ಬೇರೊಂದು ಕನ್ನಡ, ಆದೇಶಗಳ ಕನ್ನಡ. ದೈವದ ನುಡಿಯ ಬಗೆಯೇ ಬೇರೆ. ಮೂರು ನುಡಿಗಳು, ಮೂರು ಅಧಿಕಾರಗಳು. ಕಾಡು ಯಾರದು ಎಂಬ ಜಗಳಕ್ಕೆ ಮುಂಚೆಯೇ, ಯಾರ ಮಾತು ಯಾರಿಗೆ ಕೇಳಿಸುತ್ತದೆ ಎಂಬ ಜಗಳ ಅಲ್ಲಿದೆ. ತೆಲುಗಿನಲ್ಲಿ ನೋಡಿದಾಗ ಅಧಿಕಾರಿಯೂ ಹಳ್ಳಿಗನೂ ಎದುರುಬದುರು ನಿಂತದ್ದು ನನಗೆ ಕಾಣಿಸಿತ್ತು; ಅವರ ನಡುವಿನ ದೂರ ಕೇಳಿಸಿರಲಿಲ್ಲ. ನಾನೂ ಒಬ್ಬ ಅಧಿಕಾರಿ. ಆ ದೂರ ನನಗೆ ಗೊತ್ತಿದ್ದದ್ದೇ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು 1986ರಿಂದ ನಾವೆಲ್ಲ ದೂರದರ್ಶನದಲ್ಲಿ ಹಿಂದಿಯಲ್ಲಿಯೇ ನೋಡಿ ಮೆಚ್ಚಲಿಲ್ಲವೆ? ಆಗುಂಬೆಯ ಮನೆಗಳ ಜಗಲಿಯ ಮೇಲೆ ಕನ್ನಡ ನಟರು ಹಿಂದಿ ಆಡಿದರೆ ನಮಗೆ ಏನೂ ಅನ್ನಿಸಲಿಲ್ಲವಲ್ಲ? ಅನ್ನಿಸಲಿಲ್ಲ, ನಿಜ. ಆರ್. ಕೆ. ನಾರಾಯಣ್ ಅವರ ಊರು ಇಂಗ್ಲಿಷಿನಲ್ಲಿ ಹುಟ್ಟಿದ ಊರು; ಅದು ಯಾವ ಒಂದು ಜಿಲ್ಲೆಯ ಮಾತಿಗೂ ಕಟ್ಟುಬಿದ್ದದ್ದಲ್ಲ. ಅದಕ್ಕೆ ಹಿಂದಿ ಒಂದು ಅಂಗಿ. ಆದರೆ ಕೆಲವು ಕಥೆಗಳಿಗೆ ಮಾತು ಅಂಗಿಯಲ್ಲ, ಚರ್ಮ. ಯಾವ ಕಥೆ ಯಾವ ಬಗೆಯದು ಎಂಬ ವಿವೇಚನೆ ಇದ್ದರೆ ಸಾಕು. ಅನುವಾದದ ಮೇಲೆ ನನಗೆ ಯಾವ ಮುನಿಸೂ ಇಲ್ಲ.

ಬಂಧುಗಳೆ, ಹೊರನಾಡಿನ ನಮ್ಮ ಮನೆಗಳಿಗೆ ತೆರೆಯ ಕನ್ನಡ ಹೇಗೆ ಬಂತು ಎಂಬುದನ್ನು ಸ್ವಲ್ಪ ನೆನೆಯೋಣ. ಕಿರಿಯರಿಗೆ ಇದು ಪುರಾಣದಂತೆ ಕಾಣಬಹುದು. ಒಂದು ಕಾಲದಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನವು ಪ್ರಾದೇಶಿಕ ಭಾಷೆಯ ಒಂದು ಚಿತ್ರವನ್ನು ತೋರಿಸುತ್ತಿತ್ತು. ಕನ್ನಡದ ಸರದಿ ಯಾವಾಗ ಬರುವುದೋ ಎಂದು ಕಾಯುತ್ತಿದ್ದೆವು. ಬಂದ ದಿನ ಬೀದಿಯ ನಾಲ್ಕು ಕನ್ನಡ ಮನೆಯವರು ಒಂದೇ ಪೆಟ್ಟಿಗೆಯ ಮುಂದೆ ಸೇರುತ್ತಿದ್ದೆವು. 1994ರಲ್ಲಿ ಉದಯ ಟಿವಿ ಬಂತು. ಅದನ್ನು ಕೊಡಿರೆಂದು ಕೇಬಲ್ ಹುಡುಗನನ್ನು ಎಷ್ಟು ಸಲ ಬೇಡಿಕೊಂಡೆವೋ! ‘ನಿಮ್ಮ ಬೀದಿಯಲ್ಲಿ ಇರುವುದು ಎರಡೇ ಕನ್ನಡ ಮನೆ ಸಾರ್’ ಎನ್ನುತ್ತಿದ್ದ ಅವನು. ಎಣಿಕೆಯ ಆ ಮಾತು ನೆನಪಿರಲಿ. ಮುಂದೆ ಅದಕ್ಕೆ ಮರಳಿ ಬರುತ್ತೇನೆ.

ಆಮೇಲೆ ಒಂದು ವಿಚಿತ್ರ ನಡೆಯಿತು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ವಾಹಿನಿ ಆರಂಭವಾಯಿತು. ಅದರ ಸುದ್ದಿ ಸಿದ್ಧವಾಗುತ್ತಿದ್ದುದು ಬೆಂಗಳೂರಿನಲ್ಲಲ್ಲ, ನಮ್ಮ ಊರಿನ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಬೀದರಿನ ಮಳೆಯ ಸುದ್ದಿ, ಮಂಡ್ಯದ ಕಬ್ಬಿನ ಸುದ್ದಿ ಎಲ್ಲವೂ ಹೈದರಾಬಾದಿಗೆ ಬಂದು, ಇಲ್ಲಿ ಕನ್ನಡದಲ್ಲಿ ಓದಲ್ಪಟ್ಟು, ಮತ್ತೆ ಕರ್ನಾಟಕದ ಮನೆಗಳಿಗೆ ಹೋಗುತ್ತಿದ್ದವು. ಆ ಕೆಲಸಕ್ಕೆಂದು ಕರ್ನಾಟಕದ ಅನೇಕ ಜಿಲ್ಲೆಗಳಿಂದ ಬಂದ ತರುಣ ಪತ್ರಕರ್ತರಲ್ಲಿ ಕೆಲವರು ನಮ್ಮ ಕಾರ್ಯಕ್ರಮಗಳಿಗೂ ಬರುತ್ತಿದ್ದರು. ಅವರಲ್ಲಿ ಒಬ್ಬೊಬ್ಬರದೂ ಒಂದೊಂದು ಕನ್ನಡ. ಆ ಕೆಲವು ವರ್ಷ ಈ ನಗರ ನಿಜವಾಗಿಯೂ ಕನ್ನಡದ ಒಂದು ಕೇಂದ್ರವಾಗಿತ್ತು ಎಂದರೆ ಉತ್ಪ್ರೇಕ್ಷೆಯಾಗದು. ಆ ವಾಹಿನಿ 2015ರಲ್ಲಿ ಕಲರ್ಸ್ ಕನ್ನಡ ಎಂಬ ಹೆಸರು ತಳೆಯಿತು.

ನನ್ನ ತಾಯಿಯವರನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಅವರಿಗೆ ಈಗ ಎಂಬತ್ತು ದಾಟಿದೆ. ಸಿಂಧನೂರು ತಾಲ್ಲೂಕಿನ ಹಳ್ಳಿಯವರು. ಅವರ ಬಾಲ್ಯದಲ್ಲಿ ಹೈದರಾಬಾದು ಪರವೂರಲ್ಲ, ರಾಜಧಾನಿ. ಸಂಜೆ ಧಾರಾವಾಹಿ ಹಚ್ಚಿದರೆ ಅವರು ಕುಳಿತು ನೋಡುತ್ತಿದ್ದರು, ಆದರೆ ನೆಂಟರ ಮನೆಯಲ್ಲಿ ಕುಳಿತವರ ಹಾಗೆ. ಕೇಳಿದರೆ ‘ಇದು ಬೆಂಗಳೂರಾಗಿನ ಮಾತಪ್ಪ, ಪುಸ್ತಕ ಓದಿದಂಗ ಆಗ್ತದ’ ಎನ್ನುತ್ತಿದ್ದರು. ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ ಬಂದಾಗ ಮಾತ್ರ ಮುಂದಕ್ಕೆ ಸರಿದು ಕುಳಿತರು. ಆದರೂ ತೀರ್ಪು ಸ್ಪಷ್ಟವಾಗಿತ್ತು: ‘ಸನೇಕ ಬಂತು. ಆದ್ರ ಇದು ಧಾರವಾಡದ್ದು, ನಮ್ಮದಲ್ಲ.’

ಈಗ ನಾನು ಮೆಚ್ಚಿದ ಚಿತ್ರಗಳಲ್ಲಿ ಮೊದಲನೆಯದಕ್ಕೆ ಬರುತ್ತೇನೆ. ಅದು ‘ಶಿವಮ್ಮ’. ಜೈಶಂಕರ್ ಆರ್ಯರ್ ನಿರ್ದೇಶಿಸಿದ, ರಿಷಬ್ ಶೆಟ್ಟಿ ನಿರ್ಮಿಸಿದ ಈ ಚಿತ್ರದ ಪೂರ್ಣ ಹೆಸರು ‘ಶಿವಮ್ಮ ಯರೇಹಂಚಿನಾಳ’. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ, ಅಂದರೆ ಹಿಂದಿನ ರಾಯಚೂರು ಜಿಲ್ಲೆಯದು. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗೆ ಮೀಸಲಾದ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆದ ಈ ಚಿತ್ರ ಕರ್ನಾಟಕದ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನಿನಲ್ಲಿ. ಶಿವಮ್ಮನ ಪಾತ್ರ ಮಾಡಿದ ಶರಣಮ್ಮ ಚಟ್ಟಿ ವೃತ್ತಿಪರ ನಟಿಯಲ್ಲ. ಉಳಿದ ಪಾತ್ರಧಾರಿಗಳಲ್ಲಿಯೂ ಬಹುಮಂದಿ ಅಲ್ಲಿಯ ಜನರೇ.

ಕಥೆ ಚಿಕ್ಕದು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳು. ಗಂಡ ಹಾಸಿಗೆ ಹಿಡಿದಿದ್ದಾನೆ. ಒಬ್ಬರಿಂದ ಒಬ್ಬರಿಗೆ ಮಾರುತ್ತ ಹೋಗುವ, ಆರೋಗ್ಯದ ಪುಡಿ–ಪಾನೀಯಗಳ ಸರಪಳಿ ವ್ಯಾಪಾರಕ್ಕೆ ಆಕೆ ಹಣ ಹೂಡುತ್ತಾಳೆ. ಗಂಡನೂ ಗುಣವಾಗುತ್ತಾನೆ, ಬಡತನವೂ ಕಳೆಯುತ್ತದೆ ಎಂಬ ನಂಬಿಕೆ. ಮನೆಯಲ್ಲಿ ಜಗಳ, ಊರಲ್ಲಿ ನಗೆಪಾಟಲು, ಆದರೂ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಹೋಗುವ ಹಟ. ಇದರಲ್ಲಿ ನನಗೆ ಹಿಡಿಸಿದ್ದು ನಿರ್ದೇಶಕರ ಒಂದು ಸಂಯಮ. ಆಕೆ ಮೋಸಹೋದವಳು ಎಂದು ಮರುಕದಿಂದ ನೋಡುವುದೂ ಇಲ್ಲ, ಹೋರಾಟಗಾರ್ತಿ ಎಂದು ಜಯಕಾರ ಹಾಕುವುದೂ ಇಲ್ಲ. ಆಕೆ ನಂಬಿದ್ದಾಳೆ, ಅಷ್ಟೆ. ನಂಬಿಕೆಗೆ ಬಡವರು ತೆರುವ ಬೆಲೆ ಎಷ್ಟು ಎಂಬ ಲೆಕ್ಕವನ್ನು ನೋಡುವವರಿಗೇ ಬಿಟ್ಟಿದ್ದಾರೆ.

ಮನೆಯ ತೆರೆಯ ಮೇಲೆ ಈ ಚಿತ್ರ ಆರಂಭವಾದಾಗ ನನ್ನ ತಾಯಿ ಒಳಗೆ ಮಲಗಿದ್ದರು. ಕಿವಿ ಮಂದವಾದ ಮೇಲೆ ಅವರು ಟಿವಿಯ ಹತ್ತಿರ ಬರುವುದೇ ಕಡಿಮೆ. ಐದು ನಿಮಿಷವಾಗಿರಬಹುದು, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ‘ಯಾರ ಬಂದಾರೋ? ನಮ್ಮೂರ ಮಂದಿ ಮಾತಾಡಿದಂಗ ಆತು’ ಎಂದರು. ಯಾರೂ ಬಂದಿಲ್ಲವ್ವ, ಸಿನಿಮಾ ಎಂದೆ. ಅವರು ಕುರ್ಚಿ ಎಳೆಸಿಕೊಂಡು ತೆರೆಯಿಂದ ಎರಡು ಮಾರು ದೂರದಲ್ಲಿ ಕುಳಿತರು. ಶಿವಮ್ಮನ ಮಾತಿಗೆ ಅಲ್ಲಲ್ಲಿ ಉತ್ತರವನ್ನೂ ಕೊಟ್ಟರು. ‘ರೊಕ್ಕ ಹಾಕಬ್ಯಾಡಬೇ ತಂಗಿ, ಹಾಕಬ್ಯಾಡ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿದರು. ಎಂಬತ್ತು ವರ್ಷ ದಾಟಿದ ಮೇಲೆ ನನ್ನ ತಾಯಿ ತಮ್ಮ ಮಾತನ್ನು ಮೊದಲ ಬಾರಿಗೆ ತೆರೆಯ ಮೇಲೆ ಕೇಳಿದರು. ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಫರಕಿನ ಮಾತನ್ನು ಆ ದಿನ ಇಬ್ಬರೂ ಎತ್ತಲಿಲ್ಲ.

ಎರಡನೆಯದಾಗಿ ಒಂದು ಜೋಡಿಯನ್ನು ಹೇಳಬೇಕು. ಅದರಲ್ಲಿ ಒಂದು ಕನ್ನಡದ್ದು, ಇನ್ನೊಂದು ತೆಲುಗಿನದು. ‘ತಿಥಿ’ಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರು ಬರವಣಿಗೆಯಲ್ಲಿ ಜೊತೆಗೂಡಿದ, ಮಂಡ್ಯದ ಕಡೆಯ ನೊದೆಕೊಪ್ಪಲಿನ ಜನರೇ ಅಭಿನಯಿಸಿದ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಗಳಿಸಿತು. ನೂರೊಂದು ವರ್ಷದ ಸೆಂಚುರಿ ಗೌಡನ ಸಾವಿನಿಂದ ಹನ್ನೊಂದನೆಯ ದಿನದ ತಿಥಿಯವರೆಗಿನ ಕಥೆ. 2023ರ ಮಾರ್ಚಿನಲ್ಲಿ ನಮ್ಮ ತೆಲಂಗಾಣದಲ್ಲಿ ವೇಣು ಯೆಲ್ದಂಡಿಯವರ ‘ಬಲಗಂ’ ತೆರೆಕಂಡಿತು. ಅದೂ ಅಜ್ಜನೊಬ್ಬನ ಸಾವಿನಿಂದ ಹನ್ನೊಂದನೆಯ ದಿನದವರೆಗಿನ ಕಥೆ. ಪಿಂಡವನ್ನು ಕಾಗೆ ಮುಟ್ಟುವುದಿಲ್ಲ. ಮುನಿಸಿಕೊಂಡ ಮಕ್ಕಳು ಒಂದಾಗುವವರೆಗೂ ಮುಟ್ಟುವುದಿಲ್ಲ.

ಒಂದೇ ವಿಧಿ, ಒಂದೇ ಹನ್ನೊಂದು ದಿನ, ಆದರೆ ಎಷ್ಟು ಬೇರೆ ಬೇರೆ ಲೋಕಗಳು! ‘ತಿಥಿ’ಯಲ್ಲಿ ಸತ್ತವನಿಗಾಗಿ ಯಾರೂ ಅಳುವುದಿಲ್ಲ. ಮೊಮ್ಮಗನಿಗೆ ಜಮೀನು ಮಾರುವ ಚಿಂತೆ, ಮರಿಮಗನಿಗೆ ಕುರಿ ಕಾಯುವ ಹುಡುಗಿಯ ಚಿಂತೆ, ಮಗ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ. ‘ಬಲಗಂ’ನಲ್ಲಿ ಕೊನೆಗೆ ಎಲ್ಲರೂ ಅಳುತ್ತಾರೆ, ನೋಡುವವರೂ ಅಳುತ್ತಾರೆ. ಬುಡಗ ಜಂಗಮರಾದ ಮೊಗಿಲಯ್ಯ–ಕೊಮುರಮ್ಮ ದಂಪತಿಗಳ ಹಾಡು ಬಂದಾಗ ಚಿತ್ರಮಂದಿರದಲ್ಲಿ ನನ್ನ ಅಕ್ಕಪಕ್ಕದವರು ಬಿಕ್ಕುತ್ತಿದ್ದರು. ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ. ಮೊಗಿಲಯ್ಯನವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಹಳ್ಳಿಗಳಲ್ಲಿ ಪರದೆ ಕಟ್ಟಿ, ಊರವರೆಲ್ಲ ನೆಲದ ಮೇಲೆ ಕುಳಿತು ಈ ಚಿತ್ರ ನೋಡಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಈ ಜೋಡಿಯಿಂದ ನಾನು ಕಲಿತದ್ದು ಇನ್ನೊಂದಿದೆ. ಬಹುಕಾಲ ತೆಲುಗು ಚಿತ್ರಗಳಲ್ಲಿ ತೆಲಂಗಾಣದ ಮಾತು ಸಿಗುತ್ತಿದ್ದುದು ಹೆಚ್ಚಾಗಿ ಖಳನ ಬಾಯಲ್ಲಿ ಅಥವಾ ನಗಿಸುವವನ ಬಾಯಲ್ಲಿ. ನಾಯಕ ಆಡುತ್ತಿದ್ದುದು ಕೃಷ್ಣಾ–ಗೋದಾವರಿ ಕಡೆಯ ತೆಲುಗು. ನಮ್ಮಲ್ಲಿಯೂ ಹಾಗೆಯೇ ಅಲ್ಲವೆ? ಉತ್ತರ ಕರ್ನಾಟಕದ ಮಾತು ಎಂದರೆ ಎಷ್ಟೋ ವರ್ಷ ಹಾಸ್ಯಕ್ಕೆ ಇಟ್ಟ ಮಾತು. ‘ಬಲಗಂ’ ನೋಡಿ ಬಂದ ನನ್ನ ಕಚೇರಿಯ ತೆಲಂಗಾಣದ ಸಹೋದ್ಯೋಗಿಯೊಬ್ಬರು ‘ಸಾರ್, ಇದು ನಮ್ಮ ಅಮ್ಮನ ಮಾತು’ ಎಂದರು. ಅವರ ಮುಖದಲ್ಲಿದ್ದ ಬೆಳಕನ್ನೇ ಮುಂದೊಂದು ದಿನ ‘ಶಿವಮ್ಮ’ ನೋಡುತ್ತಿದ್ದ ನನ್ನ ತಾಯಿಯ ಮುಖದಲ್ಲಿ ಕಂಡೆ. ಆದ್ದರಿಂದ ತೆಲುಗನ್ನು ನಮ್ಮ ಎದುರಾಳಿಯೆಂದು ಭಾವಿಸುವವರ ಜೊತೆ ನಾನಿಲ್ಲ. ತೆಲುಗಿನೊಳಗೂ ನಮ್ಮಂತೆಯೇ ಕೇಳಿಸಿಕೊಳ್ಳಬೇಕೆಂದು ಕಾದಿದ್ದ ಒಂದು ತೆಲುಗು ಇತ್ತು. ಮತ್ತು ‘ಬಲಗಂ’ ಕನ್ನಡಕ್ಕೆ ಡಬ್ ಆಗಿ ಬಂದರೆ ಅದನ್ನು ನಾನು ತೆಲುಗಿನಲ್ಲಿಯೇ ನೋಡುತ್ತೇನೆ.

ಮೂರನೆಯದು ಹೊಸದಲ್ಲ, ಹೊಸದಾಗಿ ಮತ್ತೆ ನೋಡಿದ್ದು. ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ, 1986ರ ಸಾಲಿನ ಸ್ವರ್ಣಕಮಲ ಪಡೆದ ಚಿತ್ರ. ತಬರನಾಗಿ ಅಭಿನಯಿಸಿದ ಚಾರುಹಾಸನ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಕಾಲೇಜಿನಲ್ಲಿದ್ದಾಗ ಇದನ್ನು ನೋಡಿ, ಪಿಂಚಣಿಗಾಗಿ ಅಲೆಯುವ ಆ ಮುದುಕನ ಪರವಾಗಿ ಕುದಿದಿದ್ದೆ. ಕಳೆದ ವರ್ಷ ಮತ್ತೆ ನೋಡಿದಾಗ ನಾನು ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದೆ. ಗುಮಾಸ್ತನ ಬಾಯಿಂದ ಬರುವ ಒಂದೊಂದು ಮಾತನ್ನೂ ನಾನು ಎಂದಾದರೊಮ್ಮೆ ಆಡಿದ್ದೇನೆ.

ಒಂದು ತಪ್ಪೊಪ್ಪಿಗೆ ಮಾಡುತ್ತೇನೆ. ಆ ದಿನಗಳಲ್ಲಿ ನನ್ನ ಮೇಜಿನ ಮೇಲೆ ಒಂದು ಕುಟುಂಬ ಪಿಂಚಣಿಯ ಕಡತವಿತ್ತು. ತೀರಿಕೊಂಡ ನೌಕರನ ಹೆಂಡತಿಯ ಹೆಸರು ಎರಡು ದಾಖಲೆಗಳಲ್ಲಿ ಎರಡು ರೀತಿ ಇತ್ತು. ನಿಯಮದಂತೆ ಇಂಗ್ಲಿಷಿನಲ್ಲಿ ಪತ್ರ ಬರೆದೆ, ಉತ್ತರವಿಲ್ಲ. ಮತ್ತೆ ಬರೆದೆ, ಉತ್ತರವಿಲ್ಲ. ‘ಉತ್ತರ ಬಂದಿಲ್ಲ’ ಎಂದು ಟಿಪ್ಪಣಿ ಹಾಕಿ ಕಡತವನ್ನು ಬದಿಗಿಟ್ಟೆ. ತಬರನನ್ನು ನೋಡಿದ ಮರುದಿನ ಸಂಕೋಚದಿಂದ ಆಕೆಯ ಮನೆಗೆ ಫೋನ್ ಮಾಡಿಸಿದೆ. ಆಕೆ ಬಂದರು. ತೆಲಂಗಾಣದ ಹಳ್ಳಿಯ ಹೆಣ್ಣುಮಗಳು. ಸೆರಗಿನ ಗಂಟಿನಲ್ಲಿ ನನ್ನ ಎರಡೂ ಪತ್ರಗಳಿದ್ದವು, ಮಡಿಕೆ ಕೆಡದಂತೆ. ಅವುಗಳಲ್ಲಿ ಏನಿದೆಯೆಂದು ಆಕೆಗೆ ತಿಳಿದಿರಲಿಲ್ಲ. ಪಿಂಚಣಿ ಮಂಜೂರಾದ ಪತ್ರವೆಂದು ತಿಳಿದು ಜೋಪಾನ ಮಾಡಿದ್ದರು. ತೆಲುಗಿನಲ್ಲಿ ನಾಲ್ಕು ಮಾತು ಹೇಳಿದೆ. ಹತ್ತು ದಿನಗಳಲ್ಲಿ ಪ್ರಮಾಣಪತ್ರ ತಂದುಕೊಟ್ಟರು. ಹತ್ತು ದಿನದ ಕೆಲಸಕ್ಕೆ ಎಂಟು ತಿಂಗಳು ಹಿಡಿದದ್ದು ನನ್ನಿಂದ. ‘ಏನ್ ಫರಕ್ ಆಗ್ತದ’ ಎಂದು ನನ್ನ ಮಗಳು ಕೇಳಿದ್ದಕ್ಕೆ ಉತ್ತರವೊಂದು ಆ ಸೆರಗಿನ ಗಂಟಿನಲ್ಲಿಯೂ ಇತ್ತು.

ಇನ್ನು ಅಂತರಜಾಲದ ವಿಷಯ. ಎರಡನ್ನು ಮಾತ್ರ ಹೇಳುತ್ತೇನೆ. ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’ 2002ರಿಂದ ಬರುತ್ತಿರುವ ರಸಪ್ರಶ್ನೆ. ವೃತ್ತಿಯಿಂದ ವೈದ್ಯರಾದ ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಪುಸ್ತಕವನ್ನು ಬಹುಮಾನವಾಗಿ ಕೊಡುತ್ತಾರೆ. ಕಾರು, ಕೋಟಿ ರೂಪಾಯಿಗಳ ಕಾಲದಲ್ಲಿ ಪುಸ್ತಕ! ಅದರ ಹಳೆಯ ಕಂತುಗಳು ಈಗ ಯೂಟ್ಯೂಬಿನಲ್ಲಿ ಸಿಗುತ್ತವೆ. ರಾತ್ರಿ ಊಟದ ಹೊತ್ತಿಗೆ ಒಂದು ಕಂತು ಹಾಕಿಕೊಂಡರೆ ಗಾದೆಯ ಪ್ರಶ್ನೆಗಳಲ್ಲಿ ನನ್ನ ತಾಯಿ ಗೆಲ್ಲುತ್ತಾರೆ, ವಿಜ್ಞಾನದಲ್ಲಿ ಮಗಳು ಗೆಲ್ಲುತ್ತಾಳೆ, ಸಾಹಿತ್ಯದಲ್ಲಿ ನಾನು ಗೆಲ್ಲಬೇಕು, ಯಾವಾಗಲೂ ಗೆಲ್ಲುವುದಿಲ್ಲ. ಇನ್ನೊಂದು, ‘ಕಲಾಮಾಧ್ಯಮ’ ಎಂಬ ಯೂಟ್ಯೂಬ್ ವಾಹಿನಿಯ ಸಂದರ್ಶನಗಳು. ಮರೆತುಹೋದ ಪೋಷಕ ನಟರು, ರಂಗಭೂಮಿಯ ಹಿರಿಯರು ಅವಸರವಿಲ್ಲದೆ, ಕಂತು ಕಂತಾಗಿ ತಮ್ಮ ಬದುಕನ್ನು ಹೇಳಿಕೊಳ್ಳುತ್ತಾರೆ. ಯಾವ ವಾಹಿನಿಯೂ ಇವರಿಗೆ ಅರ್ಧ ಗಂಟೆ ಕೊಡುತ್ತಿರಲಿಲ್ಲ.

ಈಗ ಎಣಿಕೆಯ ಮಾತಿಗೆ ಬರುತ್ತೇನೆ. ರಕ್ಷಿತ್ ಶೆಟ್ಟಿಯವರ ಬಳಗ ನಿರ್ಮಿಸಿದ ‘ಏಕಂ’ ಎಂಬ ಏಳು ಕಂತುಗಳ ಕನ್ನಡ ಸರಣಿಯಿದೆ. ಸುಮಂತ್ ಭಟ್ ಮತ್ತು ಸಂದೀಪ್ ಪಿ. ಎಸ್. ರೂಪಿಸಿದ್ದು, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯಂಥವರು ಅಭಿನಯಿಸಿದ್ದು. ಸಿದ್ಧವಾದ ಮೇಲೂ ವರ್ಷಗಟ್ಟಲೆ ಅದನ್ನು ಕೊಳ್ಳುವ ದೊಡ್ಡ ವೇದಿಕೆ ಸಿಗಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಅವರು ತಮ್ಮದೇ ಜಾಲತಾಣದ ಮೂಲಕ ಬಿಡುಗಡೆ ಮಾಡಬೇಕಾಯಿತು. ದೇಶದಲ್ಲಿ ಕನ್ನಡ ಚಿತ್ರಗಳು ನೂರಾರು ಕೋಟಿ ಗಳಿಸುತ್ತಿದ್ದ ದಿನಗಳಲ್ಲಿಯೇ ಕನ್ನಡದಲ್ಲಿಯೇ ನೋಡಬೇಕಾದ ಒಂದು ಕೃತಿಗೆ ಗಿರಾಕಿಯಿಲ್ಲ! ಇದೇಕೆ ಹೀಗೆ?

ಕಂಪನಿಗಳನ್ನು ಬೈಯುವುದು ಸುಲಭ. ನಾನು ಸರ್ಕಾರಿ ನೌಕರ; ಎಣಿಕೆಗೆ ಸಿಗದ್ದು ಆಡಳಿತದ ಕಣ್ಣಿಗೆ ಇಲ್ಲವೇ ಇಲ್ಲ ಎಂಬುದನ್ನು ಅನುಭವದಿಂದ ಬಲ್ಲೆ. ವ್ಯಾಪಾರಕ್ಕೂ ಅದೇ ನಿಯಮ. ನಾವು ಮನೆಯಲ್ಲಿ ಕುಳಿತು ಭಾಷೆಯ ಗುಂಡಿಯನ್ನು ಒತ್ತುವಾಗ ಯಾರೋ ಒಬ್ಬರು ಎಣಿಸುತ್ತಿದ್ದಾರೆ. ಹೈದರಾಬಾದಿನ ಕನ್ನಡಿಗ ಕನ್ನಡ ಚಿತ್ರವನ್ನು ತೆಲುಗಿನಲ್ಲಿ ನೋಡಿದರೆ ಅವನು ತೆಲುಗು ನೋಡುಗ, ಅಷ್ಟೆ. ಅಂದು ಕೇಬಲ್ ಹುಡುಗ ‘ಎರಡೇ ಮನೆ’ ಎಂದಾಗ ನಮಗೆ ಸಿಟ್ಟು ಬಂದಿತ್ತು. ಇಂದು ಆ ಎರಡು ಮನೆಗಳನ್ನೂ ನಾವೇ ಪಟ್ಟಿಯಿಂದ ಅಳಿಸುತ್ತಿದ್ದೇವೆ.

ಇತಿಹಾಸದ ವ್ಯಂಗ್ಯವನ್ನು ನೋಡಿ. 1960ರ ದಶಕದಲ್ಲಿ ಅ. ನ. ಕೃಷ್ಣರಾಯರಂಥವರು ಮುಂದೆ ನಿಂತು, ಕನ್ನಡಕ್ಕೆ ಡಬ್ಬಿಂಗ್ ಬೇಡವೆಂದು ಹೋರಾಡಿದರು. ಆ ತಡೆ ಅರ್ಧ ಶತಮಾನ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅಂಥ ತಡೆ ಕಾನೂನಿಗೆ ವಿರುದ್ಧವೆಂದು ಆದೇಶ ನೀಡಿತು. ಬೇರೆಯವರ ಕಥೆ ಕನ್ನಡದಲ್ಲಿ ಬರಬಾರದೆಂದು ಅಷ್ಟು ವಾದಿಸಿದ ನಾವು, ನಮ್ಮದೇ ಕಥೆಯನ್ನು ಬೇರೆ ಭಾಷೆಯಲ್ಲಿ ನೋಡಲು ಒಂದು ಕ್ಷಣವೂ ಯೋಚಿಸುವುದಿಲ್ಲ. ಅತ್ತ ಬೂಸಾನಿನವರು ‘ಶಿವಮ್ಮ’ನನ್ನು ಕನ್ನಡದಲ್ಲಿಯೇ ಕೇಳಿದರು, ಕೆಳಗಿನ ಉಪಶೀರ್ಷಿಕೆ ಓದಿದರು. 2024ರಲ್ಲಿ ಫ್ರಾನ್ಸಿನ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಮೈಸೂರಿನ ಚಿದಾನಂದ ನಾಯ್ಕ ಅವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿದ್ದಾಗ ಮಾಡಿದ ಹದಿನಾರು ನಿಮಿಷದ ಕನ್ನಡ ಚಿತ್ರ. ಹುಂಜ ಕಳವಾಗಿ ಊರಿಗೆ ಬೆಳಗೇ ಆಗದ, ನಮ್ಮ ಅಜ್ಜಿಯರು ಹೇಳುತ್ತಿದ್ದಂಥ ಕಥೆ. ಅಲ್ಲಿಯ ತೀರ್ಪುಗಾರರು ‘ಫ್ರೆಂಚಿನಲ್ಲಿ ಇಲ್ಲವೆ’ ಎಂದು ಕೇಳಲಿಲ್ಲ. ಕೇಳುತ್ತಿರುವವರು ನಾವು.

ಕೊನೆಯ ಮೆಚ್ಚುಗೆಯೊಂದನ್ನು ಹೇಳಿ ಮುಗಿಸುತ್ತೇನೆ. ಅದನ್ನು ನೀವು ನೋಡಲಾರಿರಿ. ಯಾವ ವೇದಿಕೆಯ ಮೇಲೂ ಅದಿಲ್ಲ. ‘ಶಿವಮ್ಮ’ ನೋಡಿದ ಕೆಲವು ದಿನಗಳ ಮೇಲೆ ಮಗಳು ತನ್ನ ಅಜ್ಜಿಯ ಮುಂದೆ ಮೊಬೈಲ್ ಇಟ್ಟು ‘ಹಳೇದೇನಾರ ಹೇಳಬೇ ಅಜ್ಜಿ’ ಎಂದಳು. ಅಜ್ಜಿ ಹೇಳಿದ್ದು 1948ರ ಕಥೆ. ರಜಾಕಾರರ ಗದ್ದಲದಲ್ಲಿ ಜೋಳವನ್ನೆಲ್ಲ ಹಗೇವಿನಲ್ಲಿ ತುಂಬಿ, ಮೇಲೆ ಮಣ್ಣು ಮುಚ್ಚಿ, ಅದರ ಮೇಲೆ ದನ ಕಟ್ಟಿ, ರಾತ್ರಿ ತುಂಗಭದ್ರೆ ದಾಟಿ ಬಳ್ಳಾರಿ ಸೀಮೆಗೆ ಹೋದದ್ದು. ಮರಳಿ ಬಂದು ಹಗೇವು ತೆಗೆದಾಗ ಜೋಳ ಹಾಗೆಯೇ ಇದ್ದದ್ದು. ಆರು ನಿಮಿಷದ ಚಿತ್ರ. ಮಗಳು ತನ್ನ ತೆಲುಗು ಗೆಳತಿಯರಿಗೆ ತೋರಿಸಲು ಅದಕ್ಕೆ ಇಂಗ್ಲಿಷಿನಲ್ಲಿ ಉಪಶೀರ್ಷಿಕೆ ಬರೆಯಲು ಕುಳಿತಳು. ‘ಅಪ್ಪಾ, ಹಗೇವು ಅನ್ನೋದಕ್ಕ ಏನ್ ಬರೀಲಿ?’ ಎಂದು ಕೇಳಿದಳು. ನೆಲದಲ್ಲಿ ತೋಡಿದ ಧಾನ್ಯದ ಗುಳಿ ಎಂದೆ. ಬರೆದಳು, ಅಳಿಸಿದಳು. ‘ಅಜ್ಜಿ ಹೇಳಿದಂಗ ಆಗವಲ್ದು’ ಎಂದು ಆ ಪದವನ್ನು ಇದ್ದಂತೆಯೇ ಬಿಟ್ಟಳು.

ಸಂಘದ ಮುಂದೆ ಮೂರು ವಿನಂತಿಗಳಿವೆ. ಒಂದು: ಮನೆಯಲ್ಲಿ ಕನ್ನಡ ಚಿತ್ರವನ್ನು ಕನ್ನಡದ ಧ್ವನಿಯಲ್ಲಿಯೇ ನೋಡೋಣ, ಮಕ್ಕಳಿಗೆ, ನೆರೆಯವರಿಗೆ ಬೇಕಾದರೆ ಉಪಶೀರ್ಷಿಕೆಯಿದೆ. ಎರಡು: ಮೂರು ತಿಂಗಳಿಗೊಮ್ಮೆ, ಹಕ್ಕು ಪಡೆದವರ ಅನುಮತಿಯೊಂದಿಗೆ, ಈ ಸಭಾಂಗಣದಲ್ಲಿ ಒಂದು ಕನ್ನಡ ಚಿತ್ರ ಮತ್ತು ಒಂದು ತೆಲುಗು ಚಿತ್ರವನ್ನು ಜೊತೆಯಾಗಿ ತೋರಿಸೋಣ, ‘ತಿಥಿ’ ಮತ್ತು ‘ಬಲಗಂ’ನಿಂದ ಆರಂಭಿಸಬಹುದು. ತೆಲುಗು ಗೆಳೆಯರನ್ನೂ ಕರೆಯೋಣ. ಮೂರು: 2011ರ ನಂತರದ ಜನಗಣತಿಯು 2027ಕ್ಕೆ ನಿಗದಿಯಾಗಿದೆ. ಗಣತಿದಾರರು ಬಾಗಿಲಿಗೆ ಬಂದು ಮಾತೃಭಾಷೆ ಯಾವುದೆಂದು ಕೇಳಿದಾಗ, ಅವಸರದಲ್ಲಿ ‘ಏನಾದರೂ ಬರೆದುಕೊಳ್ಳಿ’ ಎನ್ನಬೇಡಿ. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವ ಕೆಲಸವನ್ನು ಮಗಳಿಗೆ ವಹಿಸಿದ್ದೇನೆ.